ಬೀಗರ ಹಗ್ಗ

ನನ್ನ ಹಿತ್ತಿಲಲ್ಲಿ ನಿಂತು ತಲೆಯೆತ್ತಿದರೆ ಆಕಾಶಕ್ಕಿಂತ ಹಗ್ಗವೇ ಹೆಚ್ಚು ಕಾಣುತ್ತದೆ. ಊರಿನ ನಟ್ಟನಡುವೆ ಮನೆ ಕಟ್ಟಿದ್ದು ನಮ್ಮ ಮಾವನವರ ತಪ್ಪು, ಅದನ್ನು ಬಿಟ್ಟು ಬೇರೆ ಕಡೆ ಹೋಗದೇ ಇದ್ದದ್ದು ನನ್ನ ಗಂಡನ ತಪ್ಪು. ನಾನು ಪಾಪದವಳು, ಸಂಡಿಗೆ ಹಪ್ಪಳ ಮಾಡಿಕೊಂಡು ನನ್ನ ಪಾಡಿಗೆ ಇದ್ದೇನೆ. ಯಾರ ಮನೆಯಿಂದ ಯಾರ ಮನೆಗೆ ಮಾತು ಹೋಗಬೇಕಾದರೂ ನನ್ನ ಸಂಡಿಗೆಯ ಮೇಲೇ ಹಾದು ಹೋಗಬೇಕು. ತಾಯಕ್ಕ ಎಲ್ಲದಕ್ಕೂ ಕಿವಿ ಕೊಡುತ್ತಾಳೆ ಎಂದು ಊರವರು ಆಡಿಕೊಳ್ಳುತ್ತಾರೆ. ಸುಳ್ಳು. ಕಾಗೆ ಓಡಿಸುವುದಕ್ಕೆ ಏಣಿ ಹತ್ತುತ್ತೇನೆ, ಅಷ್ಟು ಹೊತ್ತಿಗೆ ಸರಿಯಾಗಿ ಕಿವಿಯ ಪಕ್ಕದಲ್ಲೇ ಒಂದು ಮಾತು ಹಾದುಹೋದರೆ ನಾನೇನು ಕಿವಿಯನ್ನು ಬಿಚ್ಚಿ ಗೂಡಿನಲ್ಲಿಟ್ಟು ಬರಲೇ?

ನಮ್ಮೂರಲ್ಲಿ ಬಾಯಿಂದ ಹೊರಟ ಮಾತು ಗಾಳಿಯಲ್ಲಿ ಒಂದು ಮಾರು ದೂರ ಹೋಗುತ್ತದೆ. ಅದರಾಚೆ ನಿಂತವರಿಗೆ ನೀವು ಎಷ್ಟೇ ಗಂಟಲು ಹರಿದುಕೊಂಡರೂ ಬಾಯಿ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಕಂಗಾಲಾಗುತ್ತಾರೆ, ಎರಡನೆಯ ದಿನ ಹಾಯಾಗಿ ಮಧ್ಯಾಹ್ನದ ನಿದ್ದೆ ಮಾಡುತ್ತಾರೆ. ಮಕ್ಕಳನ್ನು ಊಟಕ್ಕೆ ಕರೆಯಬೇಕಾದರೆ ಎದ್ದು ಹೋಗಿ ರಟ್ಟೆ ಹಿಡಿದೇ ತರಬೇಕು. ಗಂಡ ಹೆಂಡತಿ ಜಗಳವಾಡಬೇಕಾದರೂ ಹತ್ತಿರ ಬರಬೇಕು, ಹತ್ತಿರ ಬಂದ ಮೇಲೆ ಅರ್ಧ ಜಗಳ ಮರೆತೇ ಹೋಗಿರುತ್ತದೆ. ದೂರದ ಮಾತಿಗೆಲ್ಲ ಹಗ್ಗವೇ ಗತಿ. ಈ ಕಡೆಯ ತುದಿಯನ್ನು ತುಟಿಗೆ ಒತ್ತಿಕೊಂಡು ಮಾತಾಡಿದರೆ ಹಗ್ಗದ ಮೇಲೆ ಒಂದು ಉಬ್ಬು ಏಳುತ್ತದೆ. ಆ ಉಬ್ಬು ಹೊರಳುತ್ತ ಹೊರಳುತ್ತ ಆ ಕಡೆಯ ಮನೆಗೆ ಹೋಗಿ, ಅಲ್ಲಿ ಕಟ್ಟಿದ ತೆಂಗಿನ ಕರಟದಿಂದ ನಿಮ್ಮದೇ ದನಿಯಲ್ಲಿ ಹೊರಗೆ ಬೀಳುತ್ತದೆ. ಸಿಟ್ಟಿನ ಮಾತಿಗೆ ಉಬ್ಬು ದೊಡ್ಡದು, ಸಂತೋಷದ ಮಾತಿಗೂ ದೊಡ್ಡದೇ. ಯಾವುದು ಯಾವುದೆಂದು ಬರೀ ಕಣ್ಣಲ್ಲಿ ನೋಡಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ.

ಎಲ್ಲ ಹಗ್ಗವೂ ಒಂದೇ ಥರ ಇರುವುದಿಲ್ಲ. ಪಂಡಿತರ ಮನೆಗೆ ಕೂದಲಿನಂಥ ತಂತಿ, ಅದರ ತುದಿಗೆ ರುಬ್ಬುವ ಕಲ್ಲನ್ನು ಇಳಿಬಿಟ್ಟಿದ್ದಾರೆ. ಅದು ಎಷ್ಟು ಬಿಗಿಯಾಗಿದೆಯೆಂದರೆ ಇಲ್ಲಿ 'ಹೊಟ್ಟೆನೋವು' ಅನ್ನುವಷ್ಟರಲ್ಲಿ ಅಲ್ಲಿ ಪಂಡಿತರು ಚಪ್ಪಲಿ ಮೆಟ್ಟಿಕೊಂಡಿರುತ್ತಾರೆ. ಅಂಗಡಿಗಳಿಗೆ ನೂಲಿನ ಹುರಿ, ಹದವಾದ ಕಲ್ಲು. ಬೀಗರಾಗಲಿರುವ ಎರಡು ಮನೆಗಳ ನಡುವೆ ಮಾತ್ರ ತೋಳಿನಷ್ಟು ದಪ್ಪದ ನಾರಿನ ಹಗ್ಗ, ಅದಕ್ಕೆ ಮುಷ್ಟಿಗಾತ್ರದ ಒಂದು ಬಡಕಲು ಕಲ್ಲು. ಕಲ್ಲು ಗಂಡಿನ ಮನೆಯಲ್ಲಿ, ಗಂಟು ಹೆಣ್ಣಿನ ಮನೆಯಲ್ಲಿ. ನಿಶ್ಚಯದ ದಿನ ಕಟ್ಟಿ ಮದುವೆಯ ದಿನ ಬಿಚ್ಚುವುದು. ಹಗ್ಗ ಭಾರವಾದಷ್ಟೂ ಮಾತು ತೆವಳುತ್ತದೆ, ಕಲ್ಲು ಭಾರವಾದಷ್ಟೂ ಓಡುತ್ತದೆ. ಬೀಗರ ಮಾತು ತೆವಳಲಿ ಎಂದು ನಮ್ಮ ಹಿರಿಯರು ಬೇಕೆಂದೇ ಹೀಗೆ ಮಾಡಿದ್ದಾರೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ತಲುಪಿದರೆ ಹೇಳಿದವರಿಗೆ ಪಶ್ಚಾತ್ತಾಪಪಡಲು ಬೇಕಾದಷ್ಟು ಹೊತ್ತು ಸಿಗುತ್ತದೆಯಂತೆ. ಪಶ್ಚಾತ್ತಾಪಪಟ್ಟರೂ ಮಾತು ತನ್ನ ಪಾಡಿಗೆ ಹೋಗುತ್ತಲೇ ಇರುತ್ತದಲ್ಲ, ಅದಕ್ಕೇನು ಮಾಡಬೇಕು ಎಂದು ಹಿರಿಯರು ಹೇಳಿಲ್ಲ. ಹಿರಿಯರು ಸಾಮಾನ್ಯವಾಗಿ ಅಷ್ಟಕ್ಕೇ ಎದ್ದು ಊಟಕ್ಕೆ ಹೋಗಿಬಿಡುತ್ತಾರೆ.

ಈಗ ವನಜಾಕ್ಷಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವಳು. ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ನಲವತ್ತರ ಆಸುಪಾಸು, ರೆಪ್ಪೆಯ ಮೇಲೆ ಸದಾ ರಾಗಿಹಿಟ್ಟು, ಮೂಗಿನ ತುದಿಯಲ್ಲಿ ಸದಾ ಸಿಟ್ಟು. ಕಾಳು ತಂದವರು ಪಾತ್ರೆ ಕೆಳಗಿಡುವ ಮೊದಲೇ ಬೀಸಿ ಮುಗಿಸುವ ಆತುರದ ಹೆಂಗಸು. ಇಂಥವಳಿಗೆ ಕೆರೆಯ ಆಚೆ ದಡದ ಮುದ್ದಯ್ಯನ ಸಂಬಂಧ ಕೂಡಿಬಂತು. ಕೂಡಿಸಿದ್ದು ನಾನೇ. ಮುದ್ದಯ್ಯ ಕೊಡೆ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಕೊಟ್ಟ ಕೊಡೆಯನ್ನು ಬೇಸಿಗೆಯಲ್ಲಿ ವಾಪಸು ಕೊಡುತ್ತಾನೆ, ಆದರೆ ಅವನು ರಿಪೇರಿ ಮಾಡಿದ ಕೊಡೆ ಮತ್ತೆ ಕೆಟ್ಟದ್ದನ್ನು ಯಾರೂ ನೋಡಿಲ್ಲ. ಏನು ಕೇಳಿದರೂ ಯೋಚನೆ ಮಾಡಿ ಹೇಳುತ್ತೇನೆ ಅನ್ನುತ್ತಾನೆ. ಕಾಫಿಗೆ ಸಕ್ಕರೆ ಸಾಕಾ ಎಂದರೂ ಅದೇ ಉತ್ತರ. ಇವಳ ಅವಸರಕ್ಕೆ ಅವನ ನಿಧಾನ ಸೇರಿದರೆ ಒಂದು ಸಂಸಾರಕ್ಕೆ ಆಗುವಷ್ಟು ಹದ ಬರುತ್ತದೆ ಎಂದು ನನ್ನ ಲೆಕ್ಕಾಚಾರವಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರು. ಅಡುಗೆಯಲ್ಲಿ ನನಗೆ ಹದ ತಪ್ಪುವುದಿಲ್ಲ, ಹಾಗಾಗಿ ಇಲ್ಲೂ ತಪ್ಪಲಾರದು ಎಂದುಕೊಂಡೆ.

ಮುದ್ದಯ್ಯನನ್ನು ಸಾಕಿದವಳು ಅವನ ಸೋದರತ್ತೆ ಸಾಕಮ್ಮ. ಬೇರೆ ಊರಿನಿಂದ ಬಂದವಳು, ಇಲ್ಲೇ ಮುಪ್ಪಾಗಿ ನಮ್ಮೂರಿನ ಪದ್ಧತಿಗಳನ್ನು ನಮಗೇ ಹೇಳಿಕೊಡುವ ಪೈಕಿ. ನಿಶ್ಚಯದ ದಿನ ಕಟ್ಟಿದ ಹಗ್ಗ ಖಾಲಿ ಇದೆಯಲ್ಲ ಎಂದು ಅವಳು ಅದಕ್ಕೆ ಸೋರೆ ಬಳ್ಳಿ ಹಬ್ಬಿಸಿದಳು. ಬೀಗರ ಹಗ್ಗದಲ್ಲಿ ಬಿಟ್ಟ ಕಾಯಿಯನ್ನು ಮದುವೆಯ ಅಡುಗೆಗೇ ಕೀಳಬೇಕು, ಅದಕ್ಕೆ ಮೊದಲು ಕೀಳಬಾರದು. ಕಾಯಿಗಳು ಬಲಿತವು. ಕೆರೆಯ ಆ ತುದಿಯಲ್ಲಿ ಹಗ್ಗ ಸೋರೆಕಾಯಿಗಳನ್ನು ಹೊತ್ತು ನೀರಿಗೆ ತಾಗುವಷ್ಟು ಜೋತುಬಿತ್ತು. ಸಾಕಮ್ಮ ಹಾದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕಾಯಿ ತೋರಿಸುತ್ತಿದ್ದಳು. ಮೊದಲೇ ತೆವಳುವ ಹಗ್ಗದ ಮೇಲೆ ಮಾತು ಇನ್ನು ಹೇಗೆ ಹೋಗಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಿಜ ಹೇಳುತ್ತೇನೆ, ನಾನೂ ಕಾಯಿಗಳನ್ನು ನೋಡಿ ಪಲ್ಯದ ಬಗ್ಗೆ ಯೋಚಿಸಿದೆ.

ಅದೇ ಹೊತ್ತಿಗೆ ಸಾಕಮ್ಮ ಯಾರ ಹತ್ತಿರವೋ ಒಂದು ಮಾತು ಬಿಟ್ಟಳು. ತಮ್ಮ ಮನೆಯ ಸೊಸೆ ಮುಖಕ್ಕೆ ಹಿಟ್ಟು ಮೆತ್ತಿಕೊಂಡು ಗಿರಣಿಯಲ್ಲಿ ನಿಲ್ಲುವುದಿಲ್ಲ, ಮದುವೆಯಾದ ಮೇಲೆ ಅದಕ್ಕೆ ಬೀಗ ಹಾಕಿಸುತ್ತೇನೆ ಎಂದು. ಆ ಮಾತು ಮಾರು ಮಾರು ದಾಟಿಕೊಂಡು ವನಜಾಕ್ಷಿಯ ಕಿವಿಗೆ ಬಿತ್ತು. ಅವಳ ತಾಯಿ ಕಟ್ಟಿದ ಗಿರಣಿ ಅದು. ನಿಶ್ಚಯವಾದ ಹೆಣ್ಣು ಗಂಡು ಮದುವೆಯವರೆಗೆ ಒಬ್ಬರಿಗೊಬ್ಬರು ಒಂದು ಮಾರಿನೊಳಗೆ ಬರುವಂತಿಲ್ಲ, ಹಾಗಾಗಿ ಹೋಗಿ ಕೇಳುವಂತಿರಲಿಲ್ಲ. ಹಗ್ಗದ ಮೇಲೆ ಕೇಳಿದಳು: ಮದುವೆಯಾದ ಮೇಲೆ ಗಿರಣಿ ನಡೆಯುತ್ತದೋ ಇಲ್ಲವೋ, ನೀವು ಹೇಳಿ, ನಿಮ್ಮ ಅತ್ತೆ ಹೇಳುವುದು ಬೇಡ. ಕೇಳಿ, ಕರಟದ ಮುಂದೆ ಮಣೆ ಹಾಕಿಕೊಂಡು ಕೂತಳು. ಆ ದಿನ ಹೋಯಿತು, ಮಾರನೆಯ ದಿನವೂ ಹೋಯಿತು. ಜನ ಕಾಳು ತಂದು ಬಾಗಿಲಲ್ಲಿ ನಿಂತು ವಾಪಸು ಹೋದರು. ನಮ್ಮ ಮನೆಯಲ್ಲೂ ಹಿಟ್ಟು ಮುಗಿದು ನಾನು ಅನ್ನದಲ್ಲೇ ಕಾಲ ಹಾಕಬೇಕಾಯಿತು, ಅದನ್ನು ಯಾರೂ ಕೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನಾನು ಏಣಿಯ ಮೇಲಿದ್ದೆ. ಕಾಗೆಗಳ ಹಾವಳಿ. ವನಜಾಕ್ಷಿಯ ಮನೆಯ ಕಡೆಯಿಂದ ಬೀಗರ ಹಗ್ಗದ ಮೇಲೆ ಒಂದು ಉಬ್ಬು ಬಂತು ನೋಡಿ, ಅಷ್ಟು ದೊಡ್ಡದನ್ನು ನಾನು ಅದರ ಮೇಲೆ ಕಂಡಿರಲಿಲ್ಲ. ಹಗ್ಗ ಹೊತ್ತ ನನ್ನ ಹಿತ್ತಿಲಿನ ಕಂಬ ಕಿರುಗುಟ್ಟಿತು, ಕೂತಿದ್ದ ಕಾಗೆಗಳು ಹಾರಿಹೋದವು. ಏನಾಯಿತೋ ಎಂಬ ಕಾಳಜಿಯಿಂದ ಕಿವಿ ಹಚ್ಚಿದೆ. 'ಬಾಯಿಲ್ಲದ ಗಂಡು ನಂಗೆ ಬೇಡ. ಈ ಸಂಬಂಧ ನಾನೊಲ್ಲೆ. ನಿಮ್ ಹಗ್ಗ ನೀವು ಸುತ್ತಿ ಇಟ್ಕೊಳ್ಳಿ.' ಏಣಿಯ ಮೇಲೆ ಹಾಗೇ ನಿಂತು ಉಬ್ಬು ಕೆರೆಯ ಕಡೆ ಹೊರಳಿ ಹೋಗುವುದನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಉಬ್ಬು ಬರುತ್ತಿರುವುದು ಕಾಣಿಸಿತು. ಚಿಕ್ಕದು, ಮೆತ್ತಗಿನದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತದೆಯೇನೋ ಎಂಬ ಹಾಗೆ ಬರುತ್ತಿತ್ತು. ಎರಡೂ ಎದುರಾದವು, ಒಂದರೊಳಗೊಂದು ಹಾದು, ಏನೂ ಆಗದವರ ಹಾಗೆ ತಮ್ಮ ತಮ್ಮ ದಾರಿ ಹಿಡಿದವು. ಮಾತುಗಳು ಹಾಗೇ, ಎದುರಾದರೂ ಒಂದನ್ನೊಂದು ವಿಚಾರಿಸಿಕೊಳ್ಳುವುದಿಲ್ಲ.

ಚಿಕ್ಕದು ನನ್ನ ಕಂಬಕ್ಕೆ ಬಂದಾಗ ಮತ್ತೆ ಕಿವಿ ಹಚ್ಚಿದೆ. ಮುದ್ದಯ್ಯನ ದನಿ. 'ಗಿರಣಿ ನಿಲ್ಲಿಸ್ಬೇಡಿ. ಮದ್ವೆ ಆದ್ಮೇಲೆ ನೀವು ಇಲ್ಲಿಗೆ ಬರೋದು ಬೇಡ, ನಾನೇ ಅಲ್ಲಿಗೆ ಬರ್ತೀನಿ. ಒಂದು ಮೂಲೆ ಕೊಡಿ, ಕೊಡೆ ರಿಪೇರಿ ಮಾಡ್ಕೊಂಡಿರ್ತೀನಿ. ಅತ್ತೆಗಿನ್ನೂ ಹೇಳಿಲ್ಲ.' ಆ ಮನುಷ್ಯ ತನ್ನ ಜನ್ಮದಲ್ಲೇ ಇಷ್ಟು ಉದ್ದ ಮಾತಾಡಿರಲಿಕ್ಕಿಲ್ಲ. ಯಾವಾಗಲೋ ಹೊರಟ ಮಾತು, ಸೋರೆಕಾಯಿಗಳ ಕೆಳಗೆ ಸಿಕ್ಕಿ ನರಳಿಕೊಂಡು ಈಗ ಬರುತ್ತಿತ್ತು. ಏಣಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ, ಸೆರಗು ಕಂಬದ ಮೊಳೆಗೆ ಸಿಕ್ಕಿ ಹರಿಯಿತು.

ಗಿರಣಿಗೆ ಓಡಿ ವನಜಾಕ್ಷಿಗೆ ಎಲ್ಲ ಹೇಳಿದೆ. ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ನಾನು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಂಬಲಿಲ್ಲ.

'ನೀವು ನನ್ ಸಮಾಧಾನಕ್ಕೆ ಹೇಳ್ತಿದೀರ ತಾಯಕ್ಕ' ಅಂದಳು. 'ಅವರ ಬಾಯಲ್ಲಿ ಇಷ್ಟೊಂದು ಮಾತು ಬರೋದುಂಟಾ?'

ದೇವರಾಣೆ ಹಾಕಿದೆ, ಗಂಡನ ಆಣೆ ಹಾಕಿದೆ. ನಿಮ್ಮ ಗಂಡ ತೀರಿಕೊಂಡು ಎಷ್ಟು ಕಾಲವಾಯಿತು, ಅವರಾಣೆ ಹಾಕಿದರೆ ಅವರಿಗೇನು ನಷ್ಟ ಎಂದು ಕೇಳಿದಳು. ಇಂಥ ಹೊತ್ತಿನಲ್ಲೂ ಅವಳ ನಾಲಿಗೆಗೆ ಬಿಡುವಿರಲಿಲ್ಲ. ಕರಟದಿಂದ ಬೀಳುವವರೆಗೆ ಜಾಗ ಬಿಟ್ಟು ಏಳುವುದಿಲ್ಲ ಎಂದು ಹಟ ಹಿಡಿದಳು. ಕೂತೆವು. ಅಲ್ಲಿ ಅವಳ ಒಲ್ಲೆ ಎಂಬ ಮಾತು ಕೆರೆಯ ಕಡೆ ಹೊರಳುತ್ತಿದೆ, ಇಲ್ಲಿ ನಾವಿಬ್ಬರೂ ಒಂದು ಚಿಪ್ಪನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತ ಕೂತಿದ್ದೇವೆ. ನನಗೆ ಅಳುವುದೋ ಅವಳ ಕೆನ್ನೆಗೆ ಎರಡು ಬಿಡುವುದೋ ತಿಳಿಯಲಿಲ್ಲ. ಕೊನೆಗೆ ಕರಟ ಅಲ್ಲಾಡಿತು. ಮುದ್ದಯ್ಯನ ದನಿ ಒಂದೊಂದೇ ಮಾತಾಗಿ ಅವಳ ಮಡಿಲಲ್ಲಿ ಬಿತ್ತು. 'ಒಂದು ಮೂಲೆ ಕೊಡಿ' ಎಂದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತಳು. ರೆಪ್ಪೆಯ ಮೇಲಿನ ಹಿಟ್ಟೆಲ್ಲ ಕರಗಿ ಕೆನ್ನೆಯ ಮೇಲೆ ಗಂಜಿಯಾಗಿ ಇಳಿಯಿತು.

ಅಳುವುದಕ್ಕೆ ಆಮೇಲೆ ಬೇಕಾದಷ್ಟು ಪುರುಸೊತ್ತಿದೆ, ಮೊದಲು ಏಳು ಎಂದು ಎಬ್ಬಿಸಿದೆ. ಹಗ್ಗವನ್ನು ಹಿಡಿದು ನಿಲ್ಲಿಸಬಾರದೇ ಎಂದು ನೀವು ಕೇಳಬಹುದು. ಅಷ್ಟು ದಪ್ಪದ ಹಗ್ಗದ ಮೇಲೆ ಅಷ್ಟು ಸಿಟ್ಟಿನ ಮಾತು ಹೋಗುವಾಗ ಹಿಡಿದವರನ್ನೇ ಎತ್ತಿ ಪಕ್ಕಕ್ಕೆ ಒಗೆದು ಹೋಗುತ್ತದೆ. ಕತ್ತರಿಸಿದರೆ ಸಂಬಂಧವನ್ನೇ ಕತ್ತರಿಸಿದ ಹಾಗೆ. ಇನ್ನು ಕರಟದಿಂದ ಬಿದ್ದರಂತೂ ಮುಗಿದೇ ಹೋಯಿತು. ಬಾಯಿಂದ ಬಾಯಿಗೆ ಆಡಿದ್ದನ್ನು ಆಡಿಲ್ಲ ಎನ್ನಬಹುದು, ಕರಟದಿಂದ ಬಿದ್ದದ್ದನ್ನು ಯಾರೂ ಇಲ್ಲವೆನ್ನುವಂತಿಲ್ಲ. 'ಒಲ್ಲೆ' ಎಂಬ ಮಾತು ಬಿದ್ದರೆ ಕೇಳಿಸಿಕೊಂಡ ಮನೆಯವರು ಅದೇ ಹಗ್ಗಕ್ಕೆ 'ಆಯ್ತು' ಎನ್ನಬೇಕು. ಅಂದ ಕೂಡಲೇ ಸಂಬಂಧ ಹರಿಯಿತು, ಮತ್ತೆ ಆ ಎರಡು ಮನೆಗಳ ನಡುವೆ ನೂಲಿನ ಎಳೆಯನ್ನೂ ಕಟ್ಟುವುದಿಲ್ಲ. ಮಾನ ಮರ್ಯಾದೆ ಇದ್ದವರು ಯಾರೂ ಆ 'ಆಯ್ತು' ಹೇಳಲು ತಡಮಾಡಿದ್ದಿಲ್ಲ. ಮಾತು ಬೀಳುವ ಮೊದಲು ನಾವು ಆ ಮನೆ ಸೇರಿ, ಕರಟವನ್ನು ಬಿಚ್ಚಿಸಿ, ಮಾತು ಬರೀ ಗೋಡೆಗೆ ಬಡಿದು ಸಾಯುವ ಹಾಗೆ ಮಾಡಬೇಕಿತ್ತು. ಹಗ್ಗ ಕೆರೆಯ ಮೇಲೆ ನೇರ ಹೋಗುತ್ತದೆ, ಮನುಷ್ಯರು ಏರಿಯ ಮೇಲೆ ಸುತ್ತಿಕೊಂಡು ಹೋಗಬೇಕು.

ನನ್ನ ಮೈಯಲ್ಲಿ ಓಡುವ ಭಾಗ ಯಾವುದೂ ಉಳಿದಿಲ್ಲ. ಆದರೂ ಓಡಿದೆ. ಏರಿಯ ಬುಡದಲ್ಲಿ ಬಟ್ಟೆ ಒಗೆಯುವ ಕಟ್ಟೆಗೆ ಬಂದಾಗ ಉಬ್ಬು ನಮ್ಮ ಕಣ್ಣೆದುರಿಗೇ ನೀರಿನ ಮೇಲೆ ಹೊರಟಿತ್ತು. ಕಟ್ಟೆಯ ತುಂಬ ಹೆಂಗಸರು, ಹಿಂಡಿಟ್ಟ ಬಟ್ಟೆಗಳ ರಾಶಿ. ಕೂಗಿ ಹೇಳುವ ಹಾಗಿಲ್ಲವಲ್ಲ, ಒಬ್ಬೊಬ್ಬರ ಹತ್ತಿರ ಹೋಗಿ ಮುಖಕ್ಕೆ ಮುಖ ಕೊಟ್ಟು ಏದುಸಿರು ಬಿಡುತ್ತ ಹೇಳಿದೆ. ಪರರ ಮಾತು ಹೋಗುವ ಹಗ್ಗಕ್ಕೆ ಬಟ್ಟೆ ಹಾಕುವುದು ನಮ್ಮಲ್ಲಿ ಮಹಾ ಅಸಭ್ಯ. ಅವರೆಲ್ಲ ಒಂದು ಗಳಿಗೆ ವನಜಾಕ್ಷಿಯ ಮುಖ ನೋಡಿದರು. ಆಮೇಲೆ ಒಬ್ಬಳು ತನ್ನ ಒದ್ದೆ ಜಮಖಾನವನ್ನು ಎತ್ತಿಕೊಂಡು ಸೊಂಟಮಟ್ಟದ ನೀರಿಗೆ ಇಳಿದೇಬಿಟ್ಟಳು. ಅವಳ ಹಿಂದೆ ಮಿಕ್ಕವರು. ಉಬ್ಬಿನ ಮುಂದೆ ಮುಂದೆ ಹೋಗಿ ಸೀರೆ, ಪಂಚೆ, ಹೊದಿಕೆ, ಕಂಬಳಿ ಎಲ್ಲವನ್ನೂ ಹಗ್ಗಕ್ಕೆ ಹೇರಿದರು. ನೀರು ಸೋರುವ ಬಟ್ಟೆಯ ಭಾರಕ್ಕೆ ಮಾತು ಒದ್ದಾಡತೊಡಗಿತು. ಮೊದಲು ಒಂದು ಮೊಳ ಹೋಗುತ್ತಿದ್ದ ಹೊತ್ತಿನಲ್ಲಿ ಈಗ ಒಂದು ಗೇಣು ಹೋಗುತ್ತಿತ್ತು. ಊರಿನವರ ಒಳಬಟ್ಟೆಯ ಸ್ಥಿತಿಗತಿಯೂ ಆ ದಿನ ನನಗೆ ತಿಳಿಯಿತು, ಅದನ್ನು ಇಲ್ಲಿ ಹೇಳುವುದಿಲ್ಲ.

ಏರಿಯ ಅರ್ಧಕ್ಕೆ ಬಂದು ಒಂದು ಉಸಿರು ಬಿಟ್ಟು ಆ ದಡದ ಕಡೆ ನೋಡಿದೆ. ಸಾಕಮ್ಮ ಜಗಲಿಯ ಮುಂದೆ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ದೊಡ್ಡ ಉಬ್ಬನ್ನು ದೂರದಿಂದಲೇ ಕಂಡಿದ್ದಳು. ಅವಳ ಮುಖದಲ್ಲಿ ಹಿಗ್ಗೋ ಹಿಗ್ಗು. ಹೆಣ್ಣಿನ ಕಡೆಯಿಂದ ಇಷ್ಟು ದೊಡ್ಡ ಮಾತು ಬರುತ್ತಿದೆ ಎಂದರೆ ಮದುವೆಯ ದಿನ ಗೊತ್ತಾಗಿರಬೇಕು ಎಂದುಕೊಂಡಿದ್ದಾಳೆ. ಬರುಬರುತ್ತ ಅದು ನಿಧಾನವಾದದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಇನ್ನೊಂದು ಕಲ್ಲು ತಂದಳು, ಮೊದಲಿನಷ್ಟೇ ದೊಡ್ಡದು, ಅದನ್ನೂ ಹಗ್ಗದ ತುದಿಗೆ ಕಟ್ಟಿದಳು. ಹಗ್ಗ ಬಿಗಿಯಿತು. ಸೋರೆಕಾಯಿಗಳು ನೀರಿನಿಂದ ಮೇಲೆದ್ದು ತೂಗಾಡಿದವು, ಉಬ್ಬು ಮುಂದಕ್ಕೆ ಜಿಗಿಯಿತು. ವನಜಾಕ್ಷಿ ನನ್ನ ಕೈ ಬಿಟ್ಟು ಓಡತೊಡಗಿದಳು.

ಸಾಕಮ್ಮ ನಮ್ಮೂರಿನಲ್ಲಿ ಹುಟ್ಟಿದ್ದರೆ ಆ ದಿನ ಕೆಲಸ ಕೆಟ್ಟೇಹೋಗುತ್ತಿತ್ತು. ಕಲ್ಲು ಎರಡಾದರೆ ಮಾತಿನ ಓಟವೂ ಎರಡು ಪಟ್ಟಾಗುತ್ತದೆ ಎಂದು ಅವಳು ತಿಳಿದಿದ್ದಳು. ಪಟ್ಟು ಬಿಡದ ಹೆಂಗಸು, ಅಕ್ಕಿ ಎರಡು ಪಾವಾದರೆ ಅನ್ನ ಎರಡು ಪಟ್ಟಾಗುವುದಿಲ್ಲವೇ ಎಂದು ಎಷ್ಟೋ ಸಲ ನನ್ನ ಜೊತೆ ವಾದ ಮಾಡಿದ್ದಳು. ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು, ಓಟ ಎರಡು ಪಟ್ಟಾಗಬೇಕಾದರೆ ಕಲ್ಲು ನಾಲ್ಕು ಪಟ್ಟಾಗಬೇಕು. ಎರಡು ಕಲ್ಲಿಗೆ ಮಾತು ಒಂದೂವರೆಯಷ್ಟೂ ಓಡುವುದಿಲ್ಲ. ಅವಳು ಜಗಲಿಯ ಮೇಲೆ ಕೂತು, ಇನ್ನೇನು ಬಂತು ಇನ್ನೇನು ಬಂತು ಎಂದು ತೊಡೆ ತಟ್ಟಿಕೊಳ್ಳುತ್ತಿದ್ದಳು, ಮಾತು ಇನ್ನೂ ಕೆರೆಯ ನಡುವೆಯೇ ಇತ್ತು. ಆ ಲೆಕ್ಕದ ತಪ್ಪಿನಲ್ಲಿ ನಮಗೆ ಸಿಕ್ಕ ಹೊತ್ತಿನಲ್ಲೇ ನಾವು ಅವಳ ಅಂಗಳ ಸೇರಿದೆವು. ನಾನು ಕೊನೆಯ ಭಾಗವನ್ನು ಬಹುಮಟ್ಟಿಗೆ ಉರುಳಿಕೊಂಡೇ ಬಂದೆ.

ಬಂದರೂ ಏನು ಬಂತು. ಮದುವೆಗೆ ಮೊದಲು ಹೆಣ್ಣು ಗಂಡಿನ ಮನೆಯ ಅಂಗಳ ತುಳಿಯುವುದನ್ನು ಕಂಡು ಸಾಕಮ್ಮನ ಹಿಗ್ಗೆಲ್ಲ ಇಳಿಯಿತು. ಒಳಗೆ ಮುದ್ದಯ್ಯ ಕರಟದ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಒಂದು ಕೊಡೆಯ ಕಡ್ಡಿ ಬಗ್ಗಿಸುತ್ತಿದ್ದ. ಇವಳನ್ನು ಕಂಡು ಎದ್ದು ನಿಂತ, ಕಡ್ಡಿ ಕೈಯಲ್ಲೇ ಉಳಿಯಿತು. ವನಜಾಕ್ಷಿ ನೇರ ಹೋಗಿ ಅವನಿಂದ ಒಂದು ಮಾರಿನೊಳಗೆ ನಿಂತಳು. ಕರಟ ಬಿಚ್ಚಿಬಿಡಿ, ಬರುತ್ತಿರುವ ಮಾತು ಕೇಳಬೇಡಿ ಎಂದಳು. ಅಷ್ಟು ಸಾಕಾಯಿತು ಸಾಕಮ್ಮನಿಗೆ. ಕೇಳಬಾರದ ಮಾತೇನಿದೆ, ಬೀಗರ ಹಗ್ಗದಲ್ಲಿ ಬರುವ ಮಾತು ಕೇಳಲೇಬೇಕು ಎಂದು ಕರಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡಳು. ನಾನು ಕರಟಕ್ಕೆ ಕೈ ಹಾಕಿದೆ, ಅವಳು ನನ್ನ ಕೈಗೆ ಹೊಡೆದಳು. ಇಬ್ಬರು ಮುದುಕಿಯರು ಒಂದು ತೆಂಗಿನ ಚಿಪ್ಪಿಗೆ ಜಗ್ಗಾಡುತ್ತಿರುವಾಗಲೇ ಅದು ಅಲ್ಲಾಡಿತು.

ಮಾತು ಬಿತ್ತು. ವನಜಾಕ್ಷಿಯ ದನಿಯೇ, ಬೆಳಗಿನ ಸಿಟ್ಟಿನ ದನಿ, ಸ್ವಲ್ಪವೂ ಆರದೆ ಬಿಸಿಬಿಸಿಯಾಗಿ ಬಿತ್ತು. ಬಾಯಿಲ್ಲದ ಗಂಡು ಬೇಡ ಎಂದಿತು, ಒಲ್ಲೆ ಎಂದಿತು, ಹಗ್ಗ ಸುತ್ತಿ ಇಟ್ಟುಕೊಳ್ಳಿ ಎಂದಿತು. ಆಡಿದವಳು ಅಲ್ಲೇ ಪಕ್ಕದಲ್ಲಿ, ಕೆರೆಯ ಕೆಸರು ಮೆತ್ತಿದ ಕಾಲಿನಲ್ಲಿ ನಿಂತು ತನ್ನ ಮಾತನ್ನು ತಾನೇ ಕೇಳಿಸಿಕೊಂಡಳು. ಮುಖ ಬಿಳಿಚಿಕೊಂಡಿತು. ಅದು ನಿಮ್ಮ ಮಾತು ನನಗೆ ಸಿಗುವುದಕ್ಕೆ ಮೊದಲು ಹೊರಟದ್ದು ಎಂದು ಮಾತ್ರ ಹೇಳಿದಳು. ಆ ಬಾಯಿ ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮುದ್ದಯ್ಯ ಕರಟವನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು. ನೋವಾಗಿದೆ ಎಂದು ಗೊತ್ತಾಗುತ್ತಿತ್ತು.

ಸಾಕಮ್ಮ ಹಗ್ಗದ ತುದಿಯನ್ನು ಕರಟದಿಂದ ಬಿಚ್ಚಿ ಅವನ ಕೈಗೆ ಕೊಟ್ಟಳು.

'ಕೇಳಿದ್ಯಲ್ಲ. "ಆಯ್ತು" ಅನ್ನು, ಮುಗೀಲಿ' ಅಂದಳು. 'ನಾವೂ ಮರ್ಯಾದಸ್ಥರೇ.'

ಮುದ್ದಯ್ಯ ತುದಿಯನ್ನು ತುಟಿಯ ಹತ್ತಿರಕ್ಕೆ ತಂದ. ನಾನು ಕಣ್ಣು ಮುಚ್ಚಿಕೊಂಡೆ. ಕೂಡಿಸಿದವಳು ನಾನು, ಹರಿಯುವುದನ್ನು ನೋಡುವುದು ಹೇಗೆ? ಎಷ್ಟು ಹೊತ್ತಾದರೂ ಏನೂ ಕೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಹಗ್ಗದ ತುದಿ ಅವನ ತೊಡೆಯ ಮೇಲಿತ್ತು, ಅವನು ಮತ್ತೆ ಚಾಪೆಯ ಮೇಲೆ ಕೂತಿದ್ದ.

'ಇದು ಸಣ್ಣ ಮಾತಲ್ಲ ಅತ್ತೆ' ಅಂದ. 'ಯೋಚ್ನೆ ಮಾಡಿ ಹೇಳ್ಬೇಕು.'

ಯೋಚನೆ ಮಾಡುವುದಕ್ಕೇನಿದೆ ಎಂದು ಸಾಕಮ್ಮ ಸಿಡಿದಳು. ಮುಖಕ್ಕೆ ಉಗುಳಿಸಿಕೊಂಡು ಯಾರಾದರೂ ಯೋಚನೆ ಮಾಡುತ್ತಾರೆಯೇ, ಊರವರು ಏನನ್ನುತ್ತಾರೆ ಎಂದು ಕೇಳಿದಳು. ಅವನು ಎಲ್ಲ ಕೇಳಿಸಿಕೊಂಡ. 'ಆಯ್ತು' ಎನ್ನಬೇಕೆಂಬ ಪದ್ಧತಿ ಇದೆ, ಯಾವಾಗ ಎನ್ನಬೇಕೆಂದು ಪದ್ಧತಿಯಲ್ಲಿಲ್ಲ, ಇದೆಯೇ ತಾಯಕ್ಕ ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ. ಇಷ್ಟು ವರ್ಷ ಹಗ್ಗಗಳ ಕೆಳಗೆ ಬಾಳಿದ ನನಗೇ ಅದು ಹೊಳೆದಿರಲಿಲ್ಲ, ಹೊಳೆಯುವುದಕ್ಕೆ ಯಾರೂ ಅಷ್ಟು ಹೊತ್ತು ಸುಮ್ಮನಿದ್ದರೆ ತಾನೇ?

'ಅವಸರ ಮಾಡಿದ್ರೆ ತಪ್ಪಾಗುತ್ತೆ' ಅಂದ ಮುದ್ದಯ್ಯ. 'ಮೊದ್ಲು ಮದ್ವೆ ಮುಗೀಲಿ. ಆಮೇಲೆ ಗಿರಣಿ ಹತ್ರ ಕೂತ್ಕೊಂಡು ನಿಧಾನವಾಗಿ ಯೋಚ್ನೆ ಮಾಡ್ತೀನಿ.'

ಯಾವ ಗಿರಣಿ ಎಂದು ಸಾಕಮ್ಮ ಕೇಳಿದಳು. ಅದನ್ನೂ ಅವಳಿಗೆ ಆಗಲೇ ಹೇಳಿದ, ನೀನೂ ಬಾ, ನೀನಿಲ್ಲದೆ ನಾನೊಬ್ಬನೇ ಹೋಗುತ್ತೇನೆಯೇ ಎಂದೂ ಹೇಳಿದ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಬೈಯಲು ಬಾಯಿ ತೆರೆದಳು, 'ನೀನೂ ಬಾ' ಎಂಬಲ್ಲಿ ಸಿಕ್ಕಿಕೊಂಡು ಮುಚ್ಚಿದಳು. ನಾನು ಮೆಲ್ಲನೆ ಅವಳ ಕೈಯಿಂದ ಕರಟವನ್ನು ತೆಗೆದು ಪಕ್ಕಕ್ಕಿಟ್ಟೆ, ಈ ಸಲ ಹೊಡೆಯಲಿಲ್ಲ.

ಮುದ್ದಯ್ಯ ವನಜಾಕ್ಷಿಯ ಕಡೆ ತಿರುಗಿದ. ತಡವಾದರೆ ಬೇಜಾರಿಲ್ಲ ತಾನೇ ಎಂದು ಕೇಳಿದ. ತನಗೆ ಯೋಚನೆ ಮಾಡಲು ಸ್ವಲ್ಪ ಹೆಚ್ಚು ಕಾಲ ಬೇಕಾಗುತ್ತದೆ, ವರ್ಷಗಟ್ಟಲೆ ಹಿಡಿಯಬಹುದು, ಕೆಲವೊಮ್ಮೆ ಮುಗಿಯುವುದೇ ಇಲ್ಲ ಎಂದ. ಹೇಳುವಾಗ ತಲೆ ಎತ್ತ‌ಲಿಲ್ಲ, ಕೈಯಲ್ಲಿದ್ದ ಕೊಡೆಯ ಕಡ್ಡಿಯನ್ನೇ ನೇರ ಮಾಡುತ್ತಿದ್ದ. ಜೋಳ ಬೀಸಲು ಕೊಟ್ಟವರನ್ನು ಒಂದು ಗಳಿಗೆ ನಿಲ್ಲಲು ಬಿಡದವಳು, ಉತ್ತರ ಎರಡು ದಿನ ತಡವಾದದ್ದಕ್ಕೆ ಸಂಬಂಧವನ್ನೇ ಒಗೆಯಲು ಹೋದವಳು, ಚಾಪೆಯ ಇನ್ನೊಂದು ತುದಿಯಲ್ಲಿ ಮೆಲ್ಲನೆ ಕೂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

'ನಿಧಾನವಾಗೇ ಹೇಳಿ' ಅಂದಳು. 'ನಂಗೇನೂ ಅವಸರ ಇಲ್ಲ.'